ಚೊಂಗೆ ಡಬ್ಬಿ

ಟಂಟಂ ಆಟೋ ಬಂದು ರೇವಮ್ಮನ ಬಾಗಿಲಿಗೆ ನಿಂತಾಗ, ಎದುರು ಮನೆಯ ಕುಲಸುಮಬಿ ಪೆಟ್ಟಿಗೆಯ ಸೀರೆ ಉಟ್ಟು, ಕೊಬ್ಬರಿ ಹಾಕಿದ ಸಿಹಿರೊಟ್ಟಿ ಚೊಂಗೆ ತುಂಬಿದ ಸ್ಟೀಲಿನ ಡಬ್ಬಿ ತೊಡೆಯ ಮೇಲಿಟ್ಟುಕೊಂಡು ಕಿಟಕಿಯ ಹಿಂದೆ ಕೂತಿದ್ದಳು. ಎಳ್ಳ ಅಮಾವಾಸ್ಯೆಯ ಹೊಲದೂಟಕ್ಕೆ ಮುಂಚಿತವಾಗಿ ಹೇಳಿ ಕರೆಯುವುದು ಈ ಓಣಿಯಲ್ಲಿಲ್ಲ. ಗಾಡಿ ಹೊರಡುವ ಹೊತ್ತಿಗೆ ರೇವಮ್ಮ ಅಂಗಳದಲ್ಲಿ ನಿಂತು ಹೆಸರು ಹಿಡಿದು ಒಂದು ಸಲ ಕೂಗುತ್ತಾಳೆ, ಇವಳು ಓಡುತ್ತಾಳೆ. ಇಪ್ಪತ್ತೆರಡು ವರ್ಷ ಹಾಗೇ ನಡೆದಿದೆ.

ಈ ಸಲವೂ ರೇವಮ್ಮ ಕೂಗಿದಳು. ಕೂಗಿದ್ದು ಹಜರಾಬಿಯನ್ನು.

ಮೂರನೇ ಮನೆಯ ಹಜರಾಬಿ ಕೈ ಬೀಸಿಕೊಂಡು ಬಂದು ಟಂಟಂ ಹತ್ತಿದಳು. ಊರಿನ ಎಲ್ಲ ಮದುವೆಗಳಲ್ಲಿ ಉಂಡು, ಯಾರ ಮನೆಗೂ ಒಂದು ನಿಂಬೆಹಣ್ಣು ಒಯ್ಯದ ಪುಣ್ಯಾತ್ಮಳು! ಹೋದ ವರ್ಷದವರೆಗೆ ಎರಡು ಟ್ರ್ಯಾಕ್ಟರ್ ತುಂಬ ಮಂದಿ ಹೊಲಕ್ಕೆ ಹೋಗುತ್ತಿದ್ದರು. ಡೀಸೆಲ್ಲು, ಎಣ್ಣೆ, ಭಜ್ಜಿ ಪಲ್ಯಕ್ಕೆ ಹಾಕುವ ಕಾಯಿಪಲ್ಲೆ ಎಲ್ಲವೂ ತುಟ್ಟಿಯಾಗಿ ಈಗ ಒಂದೇ ಟಂಟಂ, ಎಂಟೇ ಮಂದಿ. ಆ ಎಂಟರಲ್ಲಿ ಹಜರಾಬಿ ಇದ್ದಾಳೆ, ತಾನಿಲ್ಲ. ಕುಲಸುಮಬಿಗೆ ಹೊಟ್ಟೆ ಉರಿದುಹೋಯಿತು. ವರ್ಷವೆಲ್ಲ ಹೊಲಿಗೆ ಮಿಷನ್ ತುಳಿಯುವವಳಿಗೆ ಇದ್ದದ್ದು ಅದೊಂದೇ ರಜೆ. ಉಂಡ ಮೇಲೆ ಬದುವಿನ ಮೇಲೆ ಕಾಲು ಚಾಚಿ ರೇವಮ್ಮನ ಪಕ್ಕ ಕೂತು, ಹೊಲದ ತುಂಬ ಅರಳಿದ ಕುಸುಬಿ ಹೂವನ್ನು ಬಿಸಿಲು ಇಳಿಯುವವರೆಗೆ ನೋಡುವುದು. ಮುಳ್ಳಿನ ಹೂವು, ಮುಡಿಯಲು ಬರುವುದಿಲ್ಲ, ನೋಡಬೇಕಷ್ಟೆ. ಆ ಜಾಗದಲ್ಲಿ ಇವತ್ತು ಹಜರಾಬಿ ಕೂತು ಗೊರಕೆ ಹೊಡೆಯುತ್ತಾಳೆ.

ಕುಲಸುಮಬಿ ಡಬ್ಬಿ ಎತ್ತಿಕೊಂಡು ಸರಸರನೆ ಟಂಟಂ ಹತ್ತಿರ ಹೋದಳು.

“ಇದನ್ನ ಒಯ್ರಿ ರೇವಮ್ಮನವರ. ಚೊಂಗೆ ಅದಾವ. ವರ್ಷಾ ಕೊಡ್ತಿದ್ದೆ, ತಪ್ಪಬಾರದು.”

ಗೆಳತಿಯ ಬಾಯಲ್ಲಿ ಎಂದೂ ಇಲ್ಲದ ಆ ಬಹುವಚನ ಕೇಳಿ ರೇವಮ್ಮನ ಮುಖ ಸಣ್ಣದಾಯಿತು. ಕೆಳಗಿಳಿದು ಅವಳನ್ನು ಪಕ್ಕಕ್ಕೆ ಕರೆದಳು.

“ಚೊಂಗೆ ಮಾಡೀಯೇನ ಬೇ? ಆಳಂದ ಸಂತ್ಯಾಗ ಒಣಕೊಬ್ಬರಿ ರೇಟ್ ಕೇಳಿ ನೀನೇ ಅಂದಿ, ಈ ವರ್ಷ ಚೊಂಗೆ ಆಗೂದಿಲ್ಲ ಅಂತ.”

“ಬಾಯಿಗೆ ಬಂದದ್ದು ಅಂದೆ. ಅಷ್ಟಕ್ಕ ನನ್ನ ಬಿಟ್ಟಿಯೇನು?”

“ಕರದ್ರ ನೀ ಬರಿಗೈಲೆ ಬರಾಕಿ ಅಲ್ಲ. ಹೊಟ್ಟಿ ಕಟ್ಟಿ ಮಾಡಿ ತರ್ತಿ. ಅದಕ್ಕ ಕರೀಲಿಲ್ಲ.” ರೇವಮ್ಮ ದನಿ ಇಳಿಸಿದಳು. “ಈ ಹಜರಾಬಿದು ಹಂಗಲ್ಲ. ಇಕಿಗಿ ಕರದ್ರ ಇಕಿಗಿ ಖರ್ಚಿಲ್ಲ.”

ಮಾತು ನಿಜ. ಈ ಚೊಂಗೆಗೆಂದೇ ತಿಂಗಳಿಂದ ಕುಲಸುಮಬಿ ಚಹಾಕ್ಕೆ ಸಕ್ಕರೆ ಹಾಕಿಕೊಂಡಿರಲಿಲ್ಲ. ಕೇಳಿ ಸಮಾಧಾನವಾಗಬೇಕಿತ್ತು, ಆಗಲಿಲ್ಲ. ಏನೂ ತಾರದವಳೆಂದೇ ಹಜರಾಬಿಗೆ ಕರೆ ಬಂತು, ತರುವವಳೆಂದು ತನಗೆ ತಪ್ಪಿತು ಎಂದು ತಿಳಿದ ಮೇಲೆ ಉರಿ ಇನ್ನಷ್ಟು ಏರಿತು.

“ಏರ ಬೇ, ಸರದು ಕೂಡ್ತೀವಿ,” ಎಂದು ರೇವಮ್ಮ ಕೈ ಜಗ್ಗಿದಳು.

“ಒಲ್ಲೆ. ಮಿಷನ್ ಮ್ಯಾಲ ಕೆಲಸ ಬಿದ್ದದ,” ಎಂದಳು ಕುಲಸುಮಬಿ. ಇನ್ನೊಂದು ಸಲ ಅಂದರೆ ಹತ್ತಿಬಿಡುವುದೆಂದು ಮನಸ್ಸಿನಲ್ಲೇ ಗಟ್ಟಿ ಮಾಡಿಕೊಂಡಳು.

ಅಷ್ಟರಲ್ಲಿ ಟಂಟಂ ಮಾಳಿಂಗಪ್ಪ ಗಾಡಿ ಚಾಲು ಮಾಡಿದ. “ಹೊತ್ತಾತ್ರಿ ಅಕ್ಕೋರ, ಇನ್ನ ಹೊಲದಾಗ ಭೂಮಿತಾಯಿಗಿ ಚರಗ ಚೆಲ್ಲೂದು ಯಾವಾಗ?” ರೇವಮ್ಮ ಗೆಳತಿಯ ಕೈ ಬಿಟ್ಟು ಹತ್ತಿ ಕೂತಳು.

“ಆಪಾ, ಡಬ್ಬಿ ಇತ್ತ ಕೊಡ್ರಿ. ನನ್ನ ಕೈ ಖಾಲೀನೇ ಅದಾವ,” ಎಂದು ಹಜರಾಬಿ ನಗುತ್ತ ಕುಲಸುಮಬಿಯತ್ತ ಕೈ ಚಾಚಿ ಇಸಿದುಕೊಂಡಳು.

ಓಣಿ ತಿರುಗುವವರೆಗೂ ಕುಲಸುಮಬಿ ನೋಡುತ್ತಲೇ ನಿಂತಳು. ರೇವಮ್ಮನ ಪಕ್ಕದಲ್ಲಿ ಹಜರಾಬಿ ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡು, ಎರಡೂ ಕೈಯಿಂದ ಮುಚ್ಚಳ ಒತ್ತಿ ಹಿಡಿದು ಕೂತಿದ್ದಳು, ತಿಂಗಳು ಸಕ್ಕರೆ ಬಿಟ್ಟವಳು ತಾನೇ ಎಂಬಂತೆ.