ಸ್ವಂತ ಇಚ್ಛೆಯಿಂದ

"ಹೆಬ್ಬೆಟ್ಟು ಇಲ್ಲಿ ಒತ್ತಮ್ಮ," ಎಂದು ನೋಂದಣಿ ಅಧಿಕಾರಿ ಫಾರಂ ತಿರುಗಿಸಿ ಮುಂದಿಟ್ಟ.

"ಸಹಿ ಬರುತ್ತೆ ಸಾರ್. ಓದಿ ಮಾಡ್ತೀನಿ," ಎಂದು ಸ್ಟವ್ ಅಕ್ಕ ಕನ್ನಡಕ ಏರಿಸಿದಳು.

ನಿರಾಶ್ರಿತರ ಶಿಬಿರದಲ್ಲಿ ಹನ್ನೊಂದು ವರ್ಷ ಸೀಮೆಎಣ್ಣೆ ಸ್ಟವ್ ರಿಪೇರಿ ಮಾಡಿ ಗಳಿಸಿದ ಹೆಸರು ಅದು. ಗಡಿಯಾಚೆ ಯುದ್ಧ ನಿಂತ ಮೇಲೆ, ಇಷ್ಟವಿದ್ದವರು ಊರಿಗೆ ಮರಳಬಹುದೆಂದು ಎರಡೂ ಸರ್ಕಾರಗಳು ಒಪ್ಪಿದ್ದವು. ಮೊದಲ ತಂಡದಲ್ಲಿ ಹೋದ ತಂಗಿ ಫೋನ್ ಮಾಡಿದ್ದಳು: "ನಲ್ಲಿಯಲ್ಲಿ ನೀರು ಬರ್ತಿದೆ. ಶಾಲೆ ತೆರೆದಿದೆ. ಇಡೀ ಬೀದಿಗೆ ಸ್ಟವ್ ರಿಪೇರಿ ಮಾಡೋರು ಒಬ್ಬರೂ ಇಲ್ಲ, ಬಾರೇ ಅಕ್ಕಾ." ಅಕ್ಕ ಅವತ್ತೇ ತೀರ್ಮಾನ ಮಾಡಿಬಿಟ್ಟಿದ್ದಳು.

"ನಾನಾಗಲೇ ಹೆಬ್ಬೆಟ್ಟು ಒತ್ತಿಯಾಯ್ತು ಅತ್ತಿಗೆ," ಪಕ್ಕದಲ್ಲಿ ನಿಂತಿದ್ದ ಮೈದುನ ಅವಸರಿಸಿದ. "ನೀವೂ ಮುಗಿಸಿಬಿಡಿ. ಹಿಂದೆ ಜನ ಕಾಯ್ತಿದಾರೆ."

ಅವಳು ಗಟ್ಟಿಯಾಗಿ ಓದಿದಳು: "'ಇಲ್ಲೇ ಉಳಿಯಲು ನನಗೆ ಹಕ್ಕಿದೆ ಎಂದು ತಿಳಿದೂ, ಯಾರ ಒತ್ತಾಯವೂ ಇಲ್ಲದೆ, ಸ್ವಂತ ಇಚ್ಛೆಯಿಂದ ಮರಳುತ್ತಿದ್ದೇನೆ.' ಚೆನ್ನಾಗಿ ಬರೆದಿದೀರಿ ಸಾರ್. ಆದ್ರೆ ಇದು ನಿಜ ಅಲ್ವಲ್ಲ."

"ಯಾಕೆ? ಹೋಗೋಕೆ ಇಷ್ಟ ಇಲ್ವಾ?"

"ಇದೆ. ಆದ್ರೆ ಈ ಆಫೀಸಿನ ಒಳಗೆ ಬರೋವಾಗಲೇ ರೇಷನ್ ಕಾರ್ಡ್ ಕಿತ್ಕೊಂಡ್ರಿ. ಉಳೀತೀನಿ ಅಂದ್ರೆ ನಾಳೆಯಿಂದ ಗಾಳಿ ತಿಂದು ಬದುಕ್ಲಾ? ತಟ್ಟೆ ಎಳ್ಕೊಂಡ ಮೇಲೆ 'ನಿಮ್ಮಿಷ್ಟ' ಅಂದ್ರೆ ಹೇಗೆ?"

ಅಧಿಕಾರಿ ಮುಖ ಗಂಟಿಕ್ಕಿಕೊಂಡ. "ಹೋಗೋರಿಗೆ ಕಾರ್ಡ್ ಯಾತಕ್ಕೆ? ನನಗೇ ಕಾನೂನು ಹೇಳಿಕೊಡ್ಬೇಡಿ. ಸೋಮವಾರದ ಬಸ್ ತಪ್ಪಿದ್ರೆ ಮತ್ತೆ ಯಾವಾಗ್ಲೋ!"

"ನಾನೆಲ್ಲಿ ಹೇಳಿಕೊಡ್ಲಿ? ನಿಮ್ಮ ಗೋಡೆಯೇ ಹೇಳ್ತಿದೆ," ಎಂದು ಅವಳು ಅವನ ಬೆನ್ನ ಹಿಂದಿನ ಪ್ರಕಟಣೆಯತ್ತ ಬೆರಳು ಮಾಡಿದಳು. "'ಆಹಾರ, ನೀರು, ಔಷಧಿ ನಿಲ್ಲಿಸಿ ಯಾರನ್ನೂ ಹೊರಡಿಸುವಂತಿಲ್ಲ. ಮನಸ್ಸು ಬದಲಾದರೆ ಬಸ್ಸಿನ ಮೆಟ್ಟಿಲಿನಿಂದಲೂ ಇಳಿಯಬಹುದು.' ಮೂರು ಗಂಟೆ ಕ್ಯೂನಲ್ಲಿ ನಿಲ್ಲಿಸಿದ್ರಲ್ಲ, ಮೂರು ಸಲ ಓದಿದೆ."

ಕ್ಯೂನಲ್ಲಿ ಯಾರೋ ಕಿಸಕ್ಕನೆ ನಕ್ಕರು. ಮೈದುನ ಅವಳ ತೋಳು ಜಗ್ಗಿದ. ಅವಳಿಗೂ ಹೆದರಿಕೆಯಿತ್ತು; ಈತ ಸಿಟ್ಟಿಗೆದ್ದು ಹೆಸರು ಹೊಡೆದುಹಾಕಿದರೆ, ಮನೆಯವರೆಲ್ಲ ಹೋಗಿ ತಾನೊಬ್ಬಳೇ ಇಲ್ಲಿ ಉಳಿಯಬೇಕು. ಆದರೂ ಕದಲಲಿಲ್ಲ. ಸೋರುವ ಸ್ಟವ್ವನ್ನು ಸರಿಯಾಗಿದೆ ಎಂದು ಅವಳು ಇದುವರೆಗೆ ಯಾರ ಕೈಗೂ ಕೊಟ್ಟವಳಲ್ಲ.

ಅಧಿಕಾರಿ ಗೋಡೆ ನೋಡಿದ, ಕ್ಯೂ ನೋಡಿದ. ಕೊನೆಗೆ ರಟ್ಟಿನ ಡಬ್ಬಿಯಲ್ಲಿ ಕೈಯಾಡಿಸಿ ಅವಳ ಕಾರ್ಡು ಹುಡುಕಿ ಮೇಜಿನ ಮೇಲಿಟ್ಟ. ಅವಳು ಅದನ್ನು ಚೀಲಕ್ಕೆ ಸೇರಿಸಿ, ನೆಟ್ಟಗೆ ಕೂತಳು.

"ಈಗ ಕೇಳಿ ಸಾರ್."

"ಏನು ಕೇಳೋದು?"

"ಹೋಗ್ತೀರಾ, ಇಲ್ಲೇ ಇರ್ತೀರಾ ಅಂತ."

ಅವನು ನಿಟ್ಟುಸಿರು ಬಿಟ್ಟ. "ಹೋಗ್ತೀರಾ, ಇಲ್ಲೇ ಇರ್ತೀರಾ?"

"ಹೋಗ್ತೀನಿ," ಎಂದು ಅಕ್ಕ ಸಹಿ ಹಾಕಿದಳು. ದಪ್ಪ ಅಕ್ಷರಗಳು ಗೆರೆ ದಾಟಿ ಹೋದವು.

"ಹೋಗೋದೇ ಆಗಿದ್ರೆ ಇಷ್ಟೆಲ್ಲ ರಾದ್ಧಾಂತ ಯಾಕಮ್ಮ?"

"ಊರು ಬಿಡೋವಾಗ ನನ್ನನ್ನ ಯಾರೂ ಕೇಳಿರ್ಲಿಲ್ಲ ಸಾರ್. ಬಾಂಬ್ ಬಿತ್ತು, ಓಡಿದೆ. ವಾಪಸ್ ಹೋಗೋವಾಗಲಾದ್ರೂ ನನ್ನ ಕಾಲು ನನ್ನ ಮಾತು ಕೇಳಲಿ ಅಂತ."

ಅವಳು ಏಳುವಷ್ಟರಲ್ಲಿ ಮೈದುನ ಮೇಜಿನ ಮುಂದೆ ಬಂದಿದ್ದ. ಮಸಿ ಹತ್ತಿದ ಹೆಬ್ಬೆರಳನ್ನು ಪ್ಯಾಂಟಿಗೆ ಒರೆಸಿಕೊಳ್ಳುತ್ತಾ, "ನನ್ನ ಕಾರ್ಡೂ ಕೊಡಿ ಸಾರ್," ಎಂದ. "ನನ್ನನ್ನೂ ಒಂದ್ಸಲ ಕೇಳಿ."

ಅಧಿಕಾರಿ ಕಾರ್ಡು ಕೊಟ್ಟು ಕೇಳಿದ. ಮೈದುನ ಬಾಯಿ ತೆರೆದ. ಆಮೇಲೆ ಕಾರ್ಡನ್ನು ಎದೆಗೊತ್ತಿಕೊಂಡು, "ಸೋಮವಾರದವರೆಗೆ ಯೋಚಿಸ್ತೀನಿ ಸಾರ್," ಎಂದ.