ಮೆಟ್ಟಿಲಿಳಿದ ಮಾತು

“ಮೇಲಿರೋ ಮಹಾರಾಣೀನ ಕೇಳಮ್ಮ, ನೆಟ್‌ವರ್ಕ್ ಇವತ್ತು ಬರುತ್ತೋ, ಇಲ್ಲಾ ನಾನು ಬೀಗ ಹಾಕಿ ಹೋಗ್ಲೋ?”

ಹೀಗಂದವನು ಅಂಗಡಿಗಳಿಗೆ ಬೋರ್ಡು ಮಾಡುವವನು. ಅವನ ತಾಯಿ ಸೆರಗು ಬಿಗಿದು, ಸೊಸೆ ಕೂತಿದ್ದ ಮಹಡಿಗೆ ಹತ್ತಿದಳು. ಕೆಳಗೆ ಧೂಳೆಳೆಯುವ ಫ್ಯಾನಿನ ಅಬ್ಬರ. ಅಲ್ಲಿಯ ಮಾತು ಮೇಲೆ ಕೇಳದು. ಕೇಳಿದರೂ ಗಂಡ ಹೆಂಡತಿಗೆ ಬೆಳಿಗ್ಗೆಯಿಂದ ಮಾತಿಲ್ಲ. ಅವಳನ್ನು ಒಂದು ಮಾತೂ ಕೇಳದೆ ಅವನು ಹಳೇ ಕಂಪ್ಯೂಟರನ್ನು ಗುಜರಿಗೆ ಹಾಕಿದ್ದ. ಅಕ್ಷರ ಕತ್ತರಿಸುವ ಯಂತ್ರಕ್ಕೆ ನಕ್ಷೆ ಕಳಿಸುವ ಪ್ರೋಗ್ರಾಂ ಓಡುತ್ತಿದ್ದುದು ಅದರಲ್ಲಿದ್ದ ಲಿನಕ್ಸ್ ಎಂಬ ಆಪರೇಟಿಂಗ್ ಸಿಸ್ಟಮ್ಮಿನ ಹಳೇ ಆವೃತ್ತಿಯಲ್ಲಿ ಮಾತ್ರ. ಹೆಂಡತಿ ಈಗ ಹೊಸ ಕಂಪ್ಯೂಟರಿನೊಳಗೆ ಒಂದು ವರ್ಚುವಲ್ ಮಶೀನ್, ಅಂದರೆ ಹುಸಿ ಕಂಪ್ಯೂಟರು, ಕಟ್ಟಿ, ಮೊದಲೇ ತೆಗೆದಿಟ್ಟಿದ್ದ ಪ್ರತಿಯಿಂದ ಹಳೇ ಲಿನಕ್ಸನ್ನೂ ಆ ಪ್ರೋಗ್ರಾಮನ್ನೂ ಅದರಲ್ಲಿ ಕೂರಿಸಿದ್ದಳು. ಅದು ಎದ್ದಿತು, ನೆಟ್‌ವರ್ಕ್ ಏಳಲಿಲ್ಲ. ಅದಿಲ್ಲದೆ ನಕ್ಷೆ ಕೆಳಗಿನ ಯಂತ್ರಕ್ಕೆ ಹೋಗದು. ಸಂಜೆಯೊಳಗೆ ಔಷಧಿ ಅಂಗಡಿಯ ಬೋರ್ಡು ಹೋಗದಿದ್ದರೆ ಗಿರಾಕಿ ಎದುರಂಗಡಿಯ ಪಾಲು.

“ಸುಸ್ತಾಗಿರುತ್ತೆ, ನೀರು ಕುಡಿದು ಮಾಡು ಅಂದ ಕಣಮ್ಮ,” ಎಂದಳು ಅತ್ತೆ.

“ಹಾಗಂದ್ರಾ?” ಸೊಸೆಗೆ ನಂಬಿಕೆ ಬರಲಿಲ್ಲ. “ಈ ಹುಸಿ ಕಂಪ್ಯೂಟರಿನ ಹೊಸ ನೆಟ್‌ವರ್ಕ್ ಕಾರ್ಡನ್ನ ನಡೆಸೋ ಡ್ರೈವರ್ ಪ್ರೋಗ್ರಾಮೇ ಈ ಲಿನಕ್ಸಿನಲ್ಲಿ ಇಲ್ಲ ಅತ್ತೆ. ಹಳೇ ಕಾರ್ಡಿನ ಮಾಡೆಲ್ ತೋರಿಸಿದ್ರೆ ಒಪ್ಪುತ್ತೆ. ಅದು ಯಾವುದು ಅಂತ ನಿಮ್ಮ ಮಗನ್ನ ಕೇಳಿ. ಬುದ್ಧೀನೂ ಗುಜರಿಗೆ ಹಾಕದೆ ಉಳಿಸ್ಕೊಂಡಿದ್ರೆ!”

ಮುದುಕಿ ಇಳಿದು ಬಂದಳು. “ನಿನ್ನ ಜ್ಞಾಪಕಶಕ್ತಿ ಯಾರಿಗೂ ಇಲ್ವಂತಪ್ಪ. ಹಳೇ ಪೆಟ್ಟಿಗೇಲಿ ಯಾವ ಕಾರ್ಡು ಇತ್ತು ಅಂತ ನೀನೇ ಹೇಳ್ಬೇಕಂತೆ.”

ಮಗನ ಹುಬ್ಬಿನ ಗಂಟು ಸಡಿಲವಾಯಿತು. “ಇ-ಥೌಸಂಡ್. ನಾನೇ ಕೈಯಾರೆ ಕೂರಿಸಿದ್ದೆ. ಇಷ್ಟು ಗೊತ್ತಾಗದೆ ಬೆಳಿಗ್ಗೆಯಿಂದ ಕೀಬೋರ್ಡು ಕುಟ್ತಿದಾಳಾ, ಪೆದ್ದಿ!”

“ಇ-ಥೌಸಂಡ್ ಅಂತೆ,” ಮುದುಕಿ ಮೇಲೆ ಬಂದು ಏದುಸಿರು ಬಿಟ್ಟಳು. “ನಿನ್ನಂಥ ಬುದ್ಧಿವಂತೆ ಈ ಬೀದೀಲೇ ಇಲ್ಲ ಅಂದ.”

ಸೊಸೆಯ ಕಿವಿ ಕೆಂಪಾಯಿತು. ಹುಸಿ ಕಂಪ್ಯೂಟರನ್ನು ನಿಲ್ಲಿಸಿ, ಸೆಟ್ಟಿಂಗಿನಲ್ಲಿ ಕಾರ್ಡಿನ ಮಾಡೆಲ್ ಬದಲಿಸಿ, ಮತ್ತೆ ಎಬ್ಬಿಸಿದಳು. ಲಿನಕ್ಸ್ ಈ ಸಲ ಗುರುತು ಹಿಡಿದು ತನ್ನ ಡ್ರೈವರನ್ನು ತಾನೇ ಹಾಕಿಕೊಂಡಿತು. ನಕ್ಷೆ ಕಳಿಸಿದ್ದೇ ತಡ, ಕೆಳಗೆ ಯಂತ್ರ ಕಿರ್ರೆಂದು ಮೊದಲ ಅಕ್ಷರ ಕೊರೆಯಿತು.

ಗಂಡ ಎರಡೆರಡು ಮೆಟ್ಟಿಲು ಹಾರಿ ಬಂದ. “ಬಂತು ಕಣೇ! ಅಲ್ಲಾ, ನನ್ನನ್ನ ಅಷ್ಟೊಂದು ಹೊಗಳಿದ್ಯಂತೆ?”

“ನಾನಾ? ಹೊಗಳಿದ್ದು ನೀವಲ್ವಾ?”

ಇಬ್ಬರೂ ಮುದುಕಿಯ ಕಡೆ ತಿರುಗಿದರು. ಅವಳು ಮಂಡಿ ನೀವಿಕೊಳ್ಳುತ್ತ ಹೇಳಿದಳು:

“ಹೊಗಳಿದ್ದೆಲ್ಲಾ ನಾನು. ನೀವು ಬೈದದ್ದೂ ನನ್ನ ಹತ್ರ ಭದ್ರವಾಗಿದೆ. ಬೇಕಾದ್ರೆ ಹೇಳಿ, ಯಾರದು ಯಾರಿಗೆ ಅಂತ ಹಂಚಿಬಿಡ್ತೀನಿ.”