ಒಂದೇ ಗೋಡೆಯ ಪೆಟ್ಟಿಗೆ

"ಸಹಿ ಹಾಕಮ್ಮ, ಲಾರಿ ಕಾಯ್ತಾ ಇದೆ," ಎಂದರು ಭಾವ, ಪೆನ್ನಿನ ಮುಚ್ಚಳವನ್ನು ತಾವೇ ತೆಗೆದು ಕೈಗಿಡುತ್ತ. ಅವಳು ಪೆನ್ನು ತೆಗೆದುಕೊಂಡಳು. ಮುಚ್ಚಳ ಹಾಕಿ ಮೇಜಿನ ಮೇಲಿಟ್ಟಳು. "ಈ ಪೆಟ್ಟಿಗೆಗಳು ಹೋಗೋದು ಬೇಡ ಭಾವ."

ಕಾರ್ಖಾನೆ ಭಾವನದು. ದಿನ ತುಂಬದೆ ಹುಟ್ಟಿದ ಕೂಸುಗಳನ್ನು ಬೆಚ್ಚಗಿಡುವ ಪಾರದರ್ಶಕ ಪೆಟ್ಟಿಗೆಗಳು ಅಲ್ಲಿ ತಯಾರಾಗುತ್ತವೆ. ಪೆಟ್ಟಿಗೆಯೊಳಗೆ ಗಾಳಿ ಹೇಗೆ ಸುತ್ತುತ್ತದೆ, ಶಾಖ ಎಲ್ಲಿ ನಿಲ್ಲುತ್ತದೆ, ಎಲ್ಲಿ ಸೋರುತ್ತದೆ ಎಂದು ಕಂಪ್ಯೂಟರಿನಲ್ಲಿ ಲೆಕ್ಕ ಹಾಕಿ ಹೇಳುವುದು ತಮ್ಮನ ಹೆಂಡತಿಯಾದ ಅವಳ ಕೆಲಸ. ಅವಳ ಸಹಿಯಿಲ್ಲದೆ ಒಂದು ಪೆಟ್ಟಿಗೆಯೂ ಗೇಟು ದಾಟುವ ಹಾಗಿಲ್ಲ. ಆ ನಿಯಮ ಮಾಡಿದವರೂ ಭಾವನೇ.

ಪರೀಕ್ಷೆಗೆಂದು ಒಂದು ಪೆಟ್ಟಿಗೆ ಆಸ್ಪತ್ರೆಗೆ ಹೋಗಿ ತಿಂಗಳಾಗಿತ್ತು. ಹೋದ ವಾರ ಅಲ್ಲಿನ ಹಿರಿಯ ನರ್ಸ್ ಅವಳಿಗೆ ಫೋನ್ ಮಾಡಿದ್ದರು. "ನಿಮ್ಮ ಪೆಟ್ಟಿಗೆ ಮೂವತ್ತಾರು ಡಿಗ್ರಿ ಅಂತ ತೋರಿಸ್ತಾ ಇದೆ ಕಣಮ್ಮ. ಮಗುವಿನ ಪಾದ ಮಾತ್ರ ತಣ್ಣಗೆ. ಕಿಟಕಿ ಪಕ್ಕ ಇಟ್ರೆ ಇನ್ನೂ ತಣ್ಣಗೆ. ಮಗುನ ಎತ್ತಿ ತಾಯಿ ಎದೆ ಮೇಲೆ ಮಲಗಿಸಿದ್ದೀನಿ, ಅದು ಚೆನ್ನಾಗಿದೆ. ನಿಮ್ಮ ಪೆಟ್ಟಿಗೆಗೆ ಏನಾಗಿದೆ, ನೀವೇ ನೋಡ್ಕೊಳ್ಳಿ."

ಭಾವ ಅದನ್ನು ನಕ್ಕು ತಳ್ಳಿಹಾಕಿದ್ದರು. "ಹರಟೆ ಹೊಡೀತಾ ಮುಚ್ಚಳ ತೆರೆದಿಟ್ಟಿರ್ತಾರೆ, ಬಿಡು." ಅವಳಿಗೆ ನಗು ಬಂದಿರಲಿಲ್ಲ. ಆರು ತಿಂಗಳ ಹಿಂದೆ, ಗಡುವು ಕುತ್ತಿಗೆಗೆ ಬಂದಿದ್ದಾಗ, ಲೆಕ್ಕ ಬೇಗ ಮುಗಿಯಲಿ ಎಂದು ಕಂಪ್ಯೂಟರಿನಲ್ಲಿ 'ವಿಕಿರಣ' ಎಂಬ ಪದದ ಮುಂದಿದ್ದ ಸರಿ ಗುರುತನ್ನು ತೆಗೆದು, ಅದನ್ನು ಲೆಕ್ಕದಿಂದ ಅವಳೇ ಬಿಟ್ಟಿದ್ದಳು. ಕುಲುಮೆಯೇನಲ್ಲವಲ್ಲ, ಇಷ್ಟು ಸಣ್ಣ ಬಿಸಿಯಲ್ಲಿ ಅದೇನು ಮಹಾ ಎಂದುಕೊಂಡಿದ್ದಳು. ಸುತ್ತ ಗಾಳಿ ಎಷ್ಟೇ ಬೆಚ್ಚಗಿರಲಿ, ಮೈಯ ಬಿಸಿ ಗಾಳಿಯ ಗೊಡವೆಗೇ ಹೋಗದೆ ನೇರವಾಗಿ ಎದುರಿನ ತಣ್ಣನೆಯ ಗೋಡೆಗೆ ಹರಿದುಬಿಡುತ್ತದೆ ಎಂಬುದು ಅವಳಿಗೆ ಗೊತ್ತಿಲ್ಲದ ವಿಷಯವೇನಲ್ಲ. ನರ್ಸ್ ಫೋನ್ ಇಟ್ಟ ಮೇಲೆ ಆ ಗುರುತು ಮತ್ತೆ ಹಾಕಿ, ಕೋಣೆ ಚಳಿಯಲ್ಲಿದೆ ಎಂದು ಕಂಪ್ಯೂಟರಿಗೆ ತಿಳಿಸಿ, ಲೆಕ್ಕ ಓಡಿಸಿದಳು. ಪರದೆಯ ಮೇಲೆ ಪೆಟ್ಟಿಗೆಯ ಗಾಳಿ ಕೆಂಪಗೇ ಇತ್ತು. ಅದರ ನಡುವೆ ಮಲಗಿದ್ದ ಪುಟ್ಟ ಆಕಾರ ಮಾತ್ರ ಕೈಕಾಲುಗಳಿಂದ ಶುರುವಾಗಿ ನೀಲಿಗೆ ತಿರುಗುತ್ತಾ ಹೋಯಿತು.

"ಗೋಡೆ ಒಂದೇ ಪದರ ಇದೆ. ಹೊರಗಿನ ಚಳಿಗೆ ಅದು ತಣ್ಣಗಾಗುತ್ತೆ. ಒಳಗೆ ಇನ್ನೊಂದು ಪದರ ಬೇಕು. ಮೂರು ವಾರ ಕೊಡಿ," ಎಂದಳು.

"ಮೂರು ವಾರ! ಆ ಆಸ್ಪತ್ರೆಗೆ ಹೋಗೋ ನಲವತ್ತು ಪೆಟ್ಟಿಗೆ ಲಾರಿ ಹತ್ತಿ ಕೂತಿವೆ." ಭಾವ ಎದ್ದರು. ಮೂಲೆಯಲ್ಲಿ ಚಾಲೂ ಇದ್ದ ಮಾದರಿ ಪೆಟ್ಟಿಗೆಯೊಳಗೆ ಮೊಣಕೈವರೆಗೂ ಕೈ ತೂರಿಸಿದರು. "ಬೆಚ್ಚಗಿದೆಯಲ್ಲಮ್ಮ! ಬಾ, ನೀನೇ ನೋಡು."

"ಆ ಕೈ ಹಿಂದೆ ಎಂಬತ್ತು ಕೆಜಿ ಮೈಯಿದೆ ಭಾವ. ಇದರಲ್ಲಿ ಮಲಗೋದು ಒಂದೂವರೆ ಕೆಜಿ."

ಭಾವ ಕೈ ಹೊರಗೆಳೆದು, ಅಂಗಿಯ ತೋಳು ಇಳಿಸಿಕೊಂಡು, ದನಿ ತಗ್ಗಿಸಿದರು. "ನೋಡು, ಮನೆ ಹಿರಿಯನಾಗಿ ಹೇಳ್ತಾ ಇದ್ದೀನಿ."

"ಹಿರಿಯರಾಗಿ ಹೇಳಿದ್ರೂ ಕೇಳ್ತೀನಿ, ಯಜಮಾನರಾಗಿ ಹೇಳಿದ್ರೂ ಕೇಳ್ತೀನಿ. ಆ ಗೋಡೆ ಯಾರ ಮಾತೂ ಕೇಳಲ್ಲ."

"ಓಹೋ! ಆರು ತಿಂಗಳ ಹಿಂದೆ ಇದೇ ಗೋಡೆ ಸರಿಯಾಗಿದೆ ಅಂತ ಸಹಿ ಹಾಕಿದವಳು ಯಾರು?"

ಪೆಟ್ಟು ಬೀಳಬೇಕಾದ ಕಡೆಗೇ ಬಿತ್ತು. ಅವಳ ಕಿವಿ ಕೆಂಪಾಯಿತು. ಕಪಾಟಿನಿಂದ ಹಳೆಯ ವರದಿ ತೆಗೆದಳು. ಕೊನೆಯ ಹಾಳೆಯಲ್ಲಿದ್ದ ತನ್ನ ಸಹಿಯ ಮೇಲೆ ಅಡ್ಡಗೆರೆ ಎಳೆದಳು. ಪಕ್ಕದಲ್ಲಿ 'ಈ ಲೆಕ್ಕ ತಪ್ಪು, ತಪ್ಪು ನನ್ನದು' ಎಂದು ಬರೆದು, ಅದರ ಕೆಳಗೆ ದಪ್ಪಕ್ಷರದಲ್ಲಿ ಸಹಿ ಹಾಕಿ ಭಾವನ ಮುಂದೆ ಸರಿಸಿದಳು. "ತಗೊಳ್ಳಿ. ಸಹಿ ತಾನೇ ನೀವು ಕೇಳಿದ್ದು?"

"ತಮ್ಮನಿಗೆ ಹೇಳ್ತೀನಿ ಇರು."

"ಅವರಿಗೆ ಬೆಳಿಗ್ಗೆನೇ ಹೇಳಿದ್ದೀನಿ. ಆಸ್ಪತ್ರೆಗೂ ಹೇಳಿದ್ದೀನಿ."

ಭಾವ ಬಾಯಿ ತೆರೆಯುವಷ್ಟರಲ್ಲಿ ಅವರ ಜೇಬಿನಲ್ಲಿ ಫೋನ್ ಬಡಿದುಕೊಂಡಿತು. ಹಿರಿಯ ನರ್ಸ್. ವಾರ್ಡಿನಲ್ಲಿ ಪಿಸುಗುಟ್ಟಿ ಪಿಸುಗುಟ್ಟಿ ಸಾಕಾದವರಂತೆ, ಮೇಜಿನ ಈಚೆಗೂ ಕೇಳುವ ಹಾಗೆ ಅವರು ಮಾತಾಡಿದರು. "ನಲವತ್ತಲ್ಲ ಸ್ವಾಮಿ, ನಾಲ್ಕು ಕಳಿಸಿದ್ರೂ ನನ್ನ ವಾರ್ಡಿನ ಬಾಗಿಲು ತೆಗೆಯಲ್ಲ. ಸರಿ ಮಾಡ್ಕೊಂಡು ಬನ್ನಿ."

ಭಾವ ಫೋನನ್ನು ಜೇಬಿಗೆ ತುರುಕಿದರು. ಆಮೇಲೆ ಕಿಟಕಿಯ ಬಳಿ ಹೋಗಿ ಲಾರಿಯವನಿಗೆ, "ಇಳಿಸಪ್ಪ, ಎಲ್ಲಾ ಇಳಿಸು," ಎಂದು ಕೂಗಿದರು. ತಿರುಗದೆಯೇ ಅವಳಿಗೂ ಹೇಳಿದರು, "ನಾಳೆಯಿಂದ ನೀನು ಈ ಕಡೆ ತಲೆ ಹಾಕ್ಬೇಡ."

"ಆಯ್ತು." ಅವಳು ಬ್ಯಾಗು ಹೆಗಲಿಗೇರಿಸಿದಳು. ನಿಂತಲ್ಲೇ ಬಗ್ಗಿ ಕೀಲಿಮಣೆಯ ಮೇಲೆ ಏನೋ ಒತ್ತಿದಳು. ಕಂಪ್ಯೂಟರಿನ ಫ್ಯಾನು ಏದುಸಿರು ಬಿಡತೊಡಗಿತು. "ಎರಡು ಗೋಡೆಯ ಲೆಕ್ಕ ಓಡೋಕೆ ಬಿಟ್ಟಿದ್ದೀನಿ. ನಾಲ್ಕು ದಿನ ಹಿಡಿಯುತ್ತೆ. ಯಾರೂ ಆರಿಸಬಾರದು."

"ನಿನ್ನನ್ನೇ ತೆಗೆದುಹಾಕಿದ ಮೇಲೆ ನಿನ್ನ ಲೆಕ್ಕ ಯಾಕೆ ಓಡಬೇಕು?"

ಅವಳು ಬಾಗಿಲಲ್ಲಿ ನಿಂತು ತಿರುಗಿದಳು.

"ನನ್ನ ಕೆಲಸ ಹೋಯ್ತು ಅಂತ ಅವಸರದಲ್ಲಿ ಹುಟ್ಟೋ ಮಕ್ಕಳೇನು ತಡವಾಗಿ ಹುಟ್ತಾವಾ, ಭಾವ?"